ಹೆಸರಿಲ್ಲದ ವೇಷ

ಕಳೆದ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಛದ್ಮವೇಷ ಸ್ಪರ್ಧೆಯ ಮೊದಲ ಬಹುಮಾನ ನಮಗೆ ಬಂತು. ನಮಗೆ ಎಂದರೆ ಆಗ ಒಂಬತ್ತನೆಯ ತರಗತಿಯಲ್ಲಿದ್ದ ನಾವು ನಾಲ್ವರಿಗೆ. ಕಾವಲಿಯ ಮಸಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಮೈಗೆಲ್ಲ ಬಳಿದುಕೊಂಡಿದ್ದೆವು. ಸೊಂಟಕ್ಕೆ ಮಾವಿನ ಸೊಪ್ಪು, ತಲೆಗೆ ಕೋಳಿಯ ಗರಿ, ಕೈಯಲ್ಲಿ ಅಡಿಕೆ ಸಲಾಕೆಯ ಈಟಿ. ‘ಆಫ್ರಿಕಾದ ಕಾಡುಮನುಷ್ಯರು’ ಎಂದು ಧ್ವನಿವರ್ಧಕದಲ್ಲಿ ಹೇಳಿದೊಡನೆ ಅರ್ಥವಿಲ್ಲದ ಶಬ್ದಗಳನ್ನು ಅರಚುತ್ತ ರಂಗಕ್ಕೆ ಹಾರಿದೆವು. ಸಭೆಯೆಲ್ಲ ನಕ್ಕಿತು. ತಲೆಗೊಂದರಂತೆ ಸ್ಟೀಲಿನ ಲೋಟ ಸಿಕ್ಕಿತು.

ಮುಂದಿನ ಸಾಲಿನಲ್ಲಿ ನಗದೆ ಕುಳಿತವರು ಒಬ್ಬರೇ. ಅವರನ್ನು ಊರವರೆಲ್ಲ ಮಿಲಿಟ್ರಿ ಅಜ್ಜ ಎಂದು ಕರೆಯುತ್ತಾರೆ. ಎಂಬತ್ತು ದಾಟಿದ್ದರೂ ಬೆನ್ನು ಬಾಗಿಲ್ಲ. ನಾವು ಬಾವಿಕಟ್ಟೆಯಲ್ಲಿ ತೆಂಗಿನ ನಾರು, ಸಾಬೂನು ಹಿಡಿದು ಮಸಿ ತಿಕ್ಕುತ್ತಿದ್ದಾಗ ಕೋಲೂರಿಕೊಂಡು ಅಲ್ಲಿಗೇ ಬಂದರು.

“ಯಾರ ವೇಷ ಮಕ್ಕಳೇ ಅದು?”

“ಆಫ್ರಿಕಾದವರದ್ದು, ಅಜ್ಜ.”

“ಅದು ಗೊತ್ತಾಯಿತು. ಆಫ್ರಿಕಾದಲ್ಲಿ ಯಾರದ್ದು? ಅವರಿಗೆ ಒಂದು ಹೆಸರು ಬೇಡವಾ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. “ನಾನು ಅಲ್ಲಿ ಒಂದು ವರ್ಷ ಇದ್ದವ. ಈ ವೇಷದವನನ್ನು ಒಬ್ಬನನ್ನೂ ಕಾಣಲಿಲ್ಲ” ಎಂದಷ್ಟೇ ಹೇಳಿ ಹೊರಟುಹೋದರು.

ಮಸಿ ಪೂರ್ತಿ ಹೋಗಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಭಾನುವಾರ. ನಾಲ್ವರೂ ಸೇರಿ ಅಜ್ಜನ ಮನೆಗೆ ಹೋದೆವು. ಅಜ್ಜಿ ಬೆಲ್ಲ, ನೀರು ಕೊಟ್ಟರು. ಅಜ್ಜ ಒಳಗಿನಿಂದ ಒಂದು ನೀಲಿ ಟೋಪಿ ತಂದು ಮಂಚದ ಮೇಲಿಟ್ಟರು. ಬಣ್ಣ ಮಾಸಿ ಬೂದಿಯಂತಾಗಿತ್ತು.

ಮಧ್ಯ ಆಫ್ರಿಕಾದ ಕಾಂಗೋ ದೇಶ 1960ರ ಜೂನ್ 30ರಂದು ಬೆಲ್ಜಿಯಮ್ಮಿನಿಂದ ಸ್ವತಂತ್ರವಾಯಿತು. ಹನ್ನೊಂದೇ ದಿನದಲ್ಲಿ ಅದರ ದಕ್ಷಿಣದ ಪ್ರಾಂತ, ತಾಮ್ರದ ಗಣಿಗಳಿರುವ ಕಟಾಂಗಾ, ತಾನು ಬೇರೆ ದೇಶವೆಂದು ಸಾರಿತು. ವಿಶ್ವಸಂಸ್ಥೆ ಸೈನ್ಯ ಕಳುಹಿಸಿತು. ಅದರಲ್ಲಿ ಭಾರತದ ಪಡೆಗಳೂ ಇದ್ದವು. 1961ರ ಡಿಸೆಂಬರ್ 5ರಂದು ಕಟಾಂಗಾದ ಎಲಿಜಬೆತ್‌ವಿಲ್ ನಗರದಲ್ಲಿ ಕಾದಾಡುತ್ತ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ದೊರೆತದ್ದನ್ನು ನಮ್ಮಲ್ಲಿ ಕೆಲವರು ರಸಪ್ರಶ್ನೆಗಾಗಿ ಬಾಯಿಪಾಠ ಮಾಡಿದ್ದೆವು. ಆ ನಗರದ ಇಂದಿನ ಹೆಸರು ಲುಬುಂಬಾಶಿ. ನಮ್ಮ ಅಜ್ಜ ಅಲ್ಲಿ ಲಾರಿ ಚಾಲಕರಾಗಿದ್ದರು. ಕಾದಾಡಿದವರಲ್ಲ, ನೀರು ಹೊತ್ತವರು.

ನೀರು ಹೊತ್ತದ್ದು ನಿರಾಶ್ರಿತರ ಶಿಬಿರಕ್ಕೆ. ಅಲ್ಲಿದ್ದ ಸಾವಿರಾರು ಜನ ‘ಬಾಲೂಬಾ’ಗಳು. ಅವರಲ್ಲಿ ಬಹಳ ಮಂದಿ ಪಕ್ಕದ ಕಸಾಯಿ ಪ್ರಾಂತದಿಂದ ಬೆಲ್ಜಿಯನ್ನರ ಕಾಲದಲ್ಲಿ ಗಣಿಗೂ ರೈಲಿಗೂ ಕಚೇರಿಗೂ ಕೆಲಸಕ್ಕೆ ಬಂದು ನೆಲೆಸಿದವರು, ಅವರ ಮಕ್ಕಳು. ಕಟಾಂಗಾ ಬೇರೆಯಾದಾಗ ‘ನೀವು ಹೊರಗಿನವರು’ ಎಂಬ ಮಾತು ಬಂತು. ಮನೆ ಬಿಟ್ಟು ವಿಶ್ವಸಂಸ್ಥೆಯ ಕಾವಲಿನಲ್ಲಿ ಬಯಲಿಗೆ ಬಂದು ಕುಳಿತರು. “ಗುಮಾಸ್ತರು, ಮಾಸ್ತರರು, ದರ್ಜಿಗಳು ಎಲ್ಲ ಇದ್ದರು. ಇಸ್ತ್ರಿ ಹಾಕಿದ ಅಂಗಿ ತೊಟ್ಟುಕೊಂಡು ನೀರಿಗೆ ಸಾಲು ನಿಲ್ಲುತ್ತಿದ್ದರು. ಅಲ್ಲಿ ಇಸ್ತ್ರಿ ಪೆಟ್ಟಿಗೆ ಎಲ್ಲಿಂದ ಬಂತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ” ಎಂದರು ಅಜ್ಜ. ಒಬ್ಬ ಮುದುಕಿ ದಿನಾ ಬೆಳಿಗ್ಗೆ ಲಾರಿಯ ಬಳಿ ಬಂದು ‘ಮೋಯೋ’ ಎನ್ನುತ್ತಿದ್ದಳಂತೆ. ಅದು ಅವರ ನಮಸ್ಕಾರ. ಆ ಶಬ್ದಕ್ಕೆ ಜೀವ ಎಂದು ಅರ್ಥ. ಸಂಜೆ ಒಬ್ಬ ಮುದುಕ ಕಣ್ಣು ಮುಚ್ಚಿ, ನಮ್ಮ ಪಾಡ್ದನದ ಹಾಗೆ ಉದ್ದಕ್ಕೆ ಏನನ್ನೋ ಹಾಡಿ ಹೇಳುತ್ತಿದ್ದ. ಏನೆಂದು ಕೇಳಿದರೆ ದುಭಾಷಿ, “ಅವನ ಹಿರಿಯರ ಹೆಸರುಗಳು” ಎಂದನಂತೆ.

“ಆ ಹಿರಿಯರು ಯಾರು, ಎಂತ ಕಥೆ ಅಂತ ಕೇಳಲಿಕ್ಕೆ ನನಗೆ ಭಾಷೆ ಬರಲಿಲ್ಲ, ಸಮಯವೂ ಸಿಕ್ಕಲಿಲ್ಲ. ಅರವತ್ತು ವರ್ಷ ದಾಟಿತು. ನಿಮಗೆ ಪುಸ್ತಕ ಉಂಟು, ಕಂಪ್ಯೂಟರ್ ಉಂಟು. ಹುಡುಕಿ ನನಗೆ ಹೇಳಿ.”

ಹೀಗೆ ಶುರುವಾಯಿತು. ಚರಿತ್ರೆಯ ಟೀಚರು ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಕೋಣೆ ತೆರೆದುಕೊಟ್ಟರು. ಇಂಗ್ಲಿಷ್ ತಿಳಿಯದ ಕಡೆ ಅವರೇ ಪಕ್ಕದಲ್ಲಿ ಕುಳಿತು ಅರ್ಥ ಹೇಳಿದರು. ಮೊದಲ ದಿನವೇ ನಾವು ತಲೆ ತಗ್ಗಿಸುವಂತಾಯಿತು. ಲೂಬಾ ಜನರ ಭಾಷೆ ಬಾಂಟು ಎಂಬ ದೊಡ್ಡ ಭಾಷಾಕುಟುಂಬಕ್ಕೆ ಸೇರಿದ್ದು. ಸುಮಾರು ಐನೂರು ಭಾಷೆಗಳ ಈ ಕುಟುಂಬ ಇಂದಿನ ನೈಜೀರಿಯಾ-ಕ್ಯಾಮರೂನ್ ಗಡಿಯ ಕಡೆಯಿಂದ ಹೊರಟು, ಸಾವಿರಾರು ವರ್ಷಗಳಲ್ಲಿ ಆಫ್ರಿಕಾದ ದಕ್ಷಿಣ ತುದಿಯವರೆಗೂ ಹರಡಿತು. ‘ಮುಂಟು’ ಎಂದರೆ ಮನುಷ್ಯ, ‘ಬಾಂಟು’ ಎಂದರೆ ಮನುಷ್ಯರು. 1860ರ ದಶಕದಲ್ಲಿ ವಿಲ್ಹೆಲ್ಮ್ ಬ್ಲೀಕ್ ಎಂಬ ಜರ್ಮನ್ ವಿದ್ವಾಂಸ ಈ ಮಾತನ್ನೇ ಇಡೀ ಕುಟುಂಬಕ್ಕೆ ಹೆಸರಾಗಿ ಇಟ್ಟ. ಒಬ್ಬ ‘ಮುಲೂಬಾ’ನಾದರೆ ಹಲವರು ‘ಬಾಲೂಬಾ’. ಕಟಾಂಗಾದ ಕಡೆ ಅವರ ನುಡಿ ಕಿಲೂಬಾ, ಕಸಾಯಿಯ ಕಡೆ ಚಿಲೂಬಾ. ಮೂರು ಎಂಬುದಕ್ಕೆ ಸ್ವಾಹಿಲಿಯಲ್ಲಿ ತತು, ಚಿಲೂಬಾದಲ್ಲಿ ಇಸತು. ನಮ್ಮ ತರಗತಿಯಲ್ಲಿ ಮೂರು, ಮೂಜಿ, ಮೂನ್ನ್ ಎಂದು ಮೂರು ಭಾಷೆಯವರು ಎಣಿಸುವುದನ್ನು ದಿನವೂ ಕೇಳುವ ನಮಗೆ ಇದು ಬೇಗ ತಲೆಗೆ ಹತ್ತಿತು.

ಹೆಸರು ತಿಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1960ರ ನವೆಂಬರ್ 8ರಂದು ಉತ್ತರ ಕಟಾಂಗಾದ ನಿಯೆಂಬಾ ಎಂಬಲ್ಲಿ ವಿಶ್ವಸಂಸ್ಥೆಯ ಒಂಬತ್ತು ಐರಿಷ್ ಸೈನಿಕರು ಬಾಲೂಬಾ ಬಿಲ್ಲುಗಾರರ ಕೈಯಲ್ಲಿ ಸತ್ತರು. ಆ ಬಳಿಕ ಐರ್ಲೆಂಡಿನಲ್ಲಿ ‘ಬಾಲೂಬಾ’ ಎಂಬುದು ಬೈಗುಳವಾಗಿಬಿಟ್ಟಿತು. ಒಂದು ದಿನದ ಕೊಲೆಯಿಂದ ಸಾವಿರ ವರ್ಷದ ಜನಕ್ಕೆ ಹೆಸರು ಕೆಟ್ಟಿತು. ಸತ್ತವರ ದುಃಖ ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ಆ ಬಿಲ್ಲುಗಾರರ ಹಳ್ಳಿಗಳ ಮೇಲೆ ಕಟಾಂಗಾದ ಸೈನಿಕರು ನಡೆಸುತ್ತಿದ್ದ ದಾಳಿಯ ಸಂಗತಿ ಆ ಬೈಗುಳದ ಜೊತೆಗೆ ಹೋಗಲಿಲ್ಲ.

ಸಾವಿರ ವರ್ಷ ಎಂದದ್ದು ಬರಿಯ ಮಾತಲ್ಲ. ಕಾಂಗೋ ನದಿಯ ಮೇಲ್ಭಾಗಕ್ಕೆ ಲುವಾಲಾಬಾ ಎಂದು ಹೆಸರು. ಅದು ಉಪೆಂಬಾ ಎಂಬ ತಗ್ಗುಪ್ರದೇಶದಲ್ಲಿ ಕೆರೆ, ಜೌಗು, ಆಪುಹುಲ್ಲುಗಳ ನಡುವೆ ಮೈಚೆಲ್ಲಿ ಹರಿಯುತ್ತದೆ. ಕಿಸಾಲೆ ಸರೋವರದ ದಡದ ಸಾಂಗಾ ಎಂಬಲ್ಲಿ 1957ರಲ್ಲೂ 1958ರಲ್ಲೂ ಉತ್ಖನನ ನಡೆಯಿತು. 1970ರ ದಶಕದಲ್ಲಿ ಪಿಯೆರ್ ದ ಮಾರೆ ಎಂಬ ಬೆಲ್ಜಿಯನ್ ವಿದ್ವಾಂಸರು ಕೆಲಸ ಮುಂದುವರಿಸಿದರು. ಸುಮಾರು ಏಳನೆಯ ಶತಮಾನದಿಂದ ಜನ ಅಲ್ಲಿ ಎಡೆಬಿಡದೆ ಬಾಳಿದ್ದಾರೆ ಎಂಬುದು ಸಮಾಧಿಗಳಿಂದ ತಿಳಿದುಬಂತು. ಮೀನು ಹಿಡಿದರು, ಒಣಗಿಸಿ ಮಾರಿದರು, ಕಬ್ಬಿಣ ಕಾಸಿದರು. ಒಬ್ಬ ದೊಡ್ಡವನ ತಲೆಯ ಬಳಿ ಅಡಿಗಲ್ಲಿನಂತೆ ಕಮ್ಮಾರನ ಕಬ್ಬಿಣ, ಅಲಂಕಾರದ ಕೊಡಲಿ. ಲೂಬಾ ಅರಸರಿಗೆ ಕಮ್ಮಾರಿಕೆ ದೊಡ್ಡ ವಿದ್ಯೆ. ಕೊಡಲಿ ಅವರ ರಾಜಚಿಹ್ನೆ. ದಕ್ಷಿಣದ ಗಣಿಗಳಿಂದ ಬಂದ ತಾಮ್ರವನ್ನು ಅಡ್ಡಪಟ್ಟಿಯ ಶಿಲುಬೆಯಂಥ ಆಕಾರಕ್ಕೆ ಎರಕ ಹೊಯ್ದು ಹೆಣದ ಎದೆಯ ಮೇಲಿಡುತ್ತಿದ್ದರು. ಕಾಲ ಕಳೆದಂತೆ ಅವು ಚಿಕ್ಕವಾಗುತ್ತ, ಒಂದೇ ಅಳತೆಗೆ ಬರುತ್ತ, ಹಣವಾಗಿ ಚಲಾವಣೆಗೆ ಬಂದವು. ಹಿಂದೂ ಮಹಾಸಾಗರದ ಕವಡೆಗಳೂ ಅಲ್ಲಿ ಸಿಕ್ಕಿವೆ. ಅವು ಎಷ್ಟು ಕೈ ಬದಲಿಸಿ ಅಷ್ಟು ದೂರದ ಒಳನಾಡಿಗೆ ಹೋದವೋ!

ನಮ್ಮಲ್ಲೊಬ್ಬಳು ಇವೆಲ್ಲವನ್ನೂ ಬಿಟ್ಟು ಒಂದೇ ಸಂಗತಿಯನ್ನು ಪುಸ್ತಕದಲ್ಲಿ ಬರೆದುಕೊಂಡಳು. ಸಮಾಧಿಯಲ್ಲಿ ಇಟ್ಟ ಮಡಕೆಗಳ ಗಾತ್ರ ಸತ್ತವರ ವಯಸ್ಸಿಗೆ ತಕ್ಕಂತೆ ಇರುತ್ತಿತ್ತು. ಕೂಸು ಸತ್ತರೆ ಕೂಸಿನ ಕೈಗೆ ಹಿಡಿಯುವಂಥ ಪುಟ್ಟ ಮಡಕೆ.

ಇನ್ನು ಅಜ್ಜ ಕೇಳಿದ ಕಥೆ. ಇದನ್ನು ನಾವು ಅವರಿಗೆ ಎರಡು ಭಾನುವಾರ ಹೇಳಿದೆವು, ಏಕೆಂದರೆ ಮೊದಲ ಸಲ ನಡುವೆ ಹಲಸಿನ ಹಣ್ಣು ಬಂದು ಕಥೆ ನಿಂತಿತು.

ಬಹಳ ಹಿಂದೆ ಕಾಮನಬಿಲ್ಲಿನ ಹೆಸರು ಹೊತ್ತ ನ್ಕೊಂಗೊಲೊ ಎಂಬ ಅರಸನಿದ್ದ. ಕುಡುಕ, ಕ್ರೂರಿ, ಎಲ್ಲರ ಎದುರಿಗೆ ಬಾಯಿ ತೆರೆದು ಉಣ್ಣುವವನು. ಪೂರ್ವದಿಕ್ಕಿನಿಂದ ಮ್ಬಿಡಿ ಕಿಲುವೆ ಎಂಬ ಬೇಟೆಗಾರ ರಾಜಕುಮಾರ ಬಂದ. ಆತ ಮಿತಭಾಷಿ. ಮರೆಯಲ್ಲಿ ಕುಳಿತು ಉಣ್ಣುತ್ತಾನೆ. ನಗುವಾಗ ಹಲ್ಲು ತೋರಿಸುವುದಿಲ್ಲ. ನ್ಕೊಂಗೊಲೊನಿಗೆ ಇದು ಅವಮಾನವೆನಿಸಿ ಕೆಣಕಿದ. ಮ್ಬಿಡಿ ಸಿಟ್ಟಾಗಿ ತನ್ನ ನಾಡಿಗೆ ಹೊರಟುಹೋದ. ಅಷ್ಟರಲ್ಲಿ ಅರಸನ ತಂಗಿ ಬುಲಾಂಡಾಳನ್ನು ಮದುವೆಯಾಗಿದ್ದ. ಅವಳಿಗೆ ಹುಟ್ಟಿದ ಮಗನೇ ಕಲಾಲಾ ಇಲುಂಗಾ. ಹುಡುಗ ಓಟದಲ್ಲಿ, ಕುಣಿತದಲ್ಲಿ, ಆಟದಲ್ಲಿ ಎಲ್ಲರನ್ನೂ ಮೀರಿಸಿದ. ಸೋದರಮಾವನನ್ನೇ ಸೋಲಿಸಿದಾಗ ಅರಸನ ತಾಯಿ ನಕ್ಕುಬಿಟ್ಟಳು. ನಕ್ಕದ್ದಕ್ಕಾಗಿ ಮಗ ಅವಳನ್ನು ಜೀವಸಹಿತ ಹೂಳಿಸಿದ ಎಂದು ಒಂದು ಪಾಠದಲ್ಲಿದೆ. ಅಳಿಯನನ್ನು ಕೊಲ್ಲಲು ಅರಸ ಹೊಂಡ ತೋಡಿಸಿ, ತಳದಲ್ಲಿ ಈಟಿ ನೆಡಿಸಿ, ಮೇಲೆ ಚಾಪೆ ಹಾಸಿ, ‘ಇಲ್ಲಿ ಬಂದು ಕುಣಿ’ ಎಂದು ಕರೆದ. ಡೋಲು ಬಾರಿಸುವವನು ಬಡಿತದಲ್ಲೇ ಎಚ್ಚರಿಕೆ ಕೊಟ್ಟ. ಇಲುಂಗಾ ಕುಣಿಯುತ್ತ ಕುಣಿಯುತ್ತ ಈಟಿಯಿಂದ ನೆಲ ಪರೀಕ್ಷಿಸಿದ, ಚಾಪೆ ಕುಸಿಯಿತು. ಒಂದೇ ನೆಗೆತಕ್ಕೆ ಜನರ ತಲೆಯ ಮೇಲಿಂದ ಹಾರಿ ಲುವಾಲಾಬಾ ದಾಟಿ ತಂದೆಯ ನಾಡು ಸೇರಿದ. ದಂಡು ಕಟ್ಟಿಕೊಂಡು ಮರಳಿ ಬಂದು ಮಾವನನ್ನು ಕೊಂದು ಲೂಬಾ ರಾಜವಂಶಕ್ಕೆ ಮೂಲಪುರುಷನಾದ.

“ಆ ಡೋಲಿನವನ ಹೆಸರೆಂತ?” ಎಂದು ಅಜ್ಜ ಕೇಳಿದರು. ನಮ್ಮ ಚೀಟಿಯಲ್ಲಿ ಇರಲಿಲ್ಲ. “ಅವನಿಲ್ಲದಿದ್ದರೆ ರಾಜನೂ ಇಲ್ಲ, ವಂಶವೂ ಇಲ್ಲ” ಎಂದು ಅಜ್ಜಿ ಒಳಗಿನಿಂದಲೇ ಹೇಳಿದರು.

ಇದು ನಡೆದ ಇತಿಹಾಸವೇ? ಮೊದಲಿನ ಕೆಲವು ವಿದ್ವಾಂಸರು ಹಾಗೆಯೇ ತಿಳಿದು ಅರಸರಿಗೆ ಶತಮಾನ ಹಚ್ಚಿದರು. ಈಗಿನವರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅರಸನೆಂದರೆ ಹೇಗಿರಬೇಕು, ಹೇಗಿರಬಾರದು ಎಂಬುದನ್ನು ಹೇಳುವ ಕಥೆ ಇದು ಎನ್ನುತ್ತಾರೆ. ನಮಗಂತೂ ಮ್ಬಿಡಿ ಕಿಲುವೆಯ ಊಟದ ಸಂಕೋಚ ಬಹಳ ಹಿಡಿಸಿತು. ಬಲವಿದ್ದವನು ಗೆದ್ದ ಕಥೆಗಳು ಬೇಕಾದಷ್ಟಿವೆ. ನಡತೆ ಬಲ್ಲವನ ಮಗ ಗೆದ್ದ ಕಥೆ ಅಪರೂಪ.

ಬರವಣಿಗೆ ಇಲ್ಲದೆ ಇಷ್ಟೆಲ್ಲ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೇ ನಮ್ಮನ್ನು ಪೂರ್ತಿ ಸೆರೆಹಿಡಿದದ್ದು. ಲೂಬಾ ನಾಡಿನಲ್ಲಿ ಮ್ಬುಡ್ಯೆ ಎಂಬ ಸಂಘವಿತ್ತು. ಅದರ ಉನ್ನತ ಸದಸ್ಯರು ನೆನಪಿನ ಜನ. ಅವರ ಕೈಯಲ್ಲಿ ಲುಕಾಸಾ ಎಂಬ ಮರದ ಹಲಗೆ. ಆ ಮಾತಿಗೆ ‘ಉದ್ದನೆಯ ಕೈ’ ಎಂದರ್ಥ. ಗೇಣಿಗಿಂತ ತುಸು ಉದ್ದ, ನಡು ಸಣ್ಣ, ಬುಡುಬುಡಿಕೆಯನ್ನು ಚಪ್ಪಟೆ ಮಾಡಿದ ಹಾಗೆ. ಮುಖದ ಮೇಲೆ ಬಣ್ಣಬಣ್ಣದ ಮಣಿ, ಚಿಪ್ಪು; ಬೆನ್ನಿನ ಮೇಲೆ ಆಮೆಯ ಚಿಪ್ಪಿನಂಥ ಗೆರೆ. ಎಡಗೈಯಲ್ಲಿ ಹಿಡಿದು ಬಲಗೈಯ ಬೆರಳಿನಿಂದ ಮಣಿಗಳನ್ನು ಸವರುತ್ತ ಸಭೆಯಲ್ಲಿ ಚರಿತ್ರೆ ಹೇಳುವುದು ಕ್ರಮ. ಸಣ್ಣ ಮಣಿಗಳ ನಡುವೆ ದೊಡ್ಡದೊಂದು ಇದ್ದರೆ ಪರಿವಾರದ ನಡುವಿನ ಅರಸ. ಸಾಲು ಮಣಿಗಳಿದ್ದರೆ ದಾರಿ, ಪ್ರಯಾಣ. ಇಂಥ ಮಣಿಗೆ ಇಂಥದೇ ಅರ್ಥ ಎಂದು ಅಕ್ಷರಮಾಲೆಯಂತೆ ಕಟ್ಟಿಲ್ಲ. ಇವತ್ತು ಅರಸನ ಕಥೆ ಹೇಳಿದ ಮಣಿ ನಾಳೆ ಒಂದು ಪವಿತ್ರ ಸರೋವರವನ್ನು ತೋರಿಸಬಹುದು. ಯಾರ ಎದುರಿಗೆ, ಯಾವ ಕಾರಣಕ್ಕೆ ಹೇಳುತ್ತಾನೆ ಎಂಬುದರ ಮೇಲೆ ಪಾಠ ಬದಲಾಗುತ್ತದೆ. ಇವಲ್ಲದೆ ಕಸಾಯಿಯ ಕಡೆ ‘ಕಸಾಲಾ’ ಎಂಬ ಹಾಡುಗವಿತೆ ಉಂಟು. ವ್ಯಕ್ತಿಯ ಹೆಸರು, ಅವನ ಹಿರಿಯರ ಹೆಸರು, ಅವರ ಹಿರಿಮೆ, ಸತ್ತವರ ಶೋಕ ಎಲ್ಲ ಅದರಲ್ಲಿ ಬರುತ್ತದೆ. ಶಿಬಿರದ ಮುದುಕ ಹೇಳುತ್ತಿದ್ದದ್ದು ಅದೇ ಇರಬೇಕೆಂದು ನಾವು ಅಜ್ಜನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅರಸ ಸತ್ತರೆ ಅವನ ಊರು ಅವನ ಆತ್ಮದ ರಾಜಧಾನಿಯಾಗುತ್ತಿತ್ತು. ‘ಮ್ವಾಡಿ’ ಎಂಬ ಹೆಣ್ಣಿನ ಮೈಯಲ್ಲಿ ಅವನು ನೆಲೆಸಿದ್ದಾನೆಂದು ಭಾವಿಸಿ, ಹೊಸ ಅರಸನೂ ಅವಳ ಮಾತು ಕೇಳಬೇಕಿತ್ತು. ಕೋಲ ನೋಡಿ ಬೆಳೆದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಲೂಬಾ ಅರಸರ ಪೀಠಗಳನ್ನು ಹೊತ್ತು ನಿಂತ ಹೆಣ್ಣುಬೊಂಬೆಗಳ ಅರ್ಥ ಕೂಡ ಇದರಿಂದ ಸ್ವಲ್ಪ ತಿಳಿಯಿತು: ರಾಜ್ಯದ ಭಾರ ಹೊತ್ತವಳು ಅವಳೇ.

ನೆರೆಹೊರೆಯವರ ಕಥೆ ಬರೆಯಹೋದರೆ ಸಂಚಿಕೆಯೇ ಸಾಲದು. ಪಶ್ಚಿಮದ ಲುಂಡಾ ಜನರ ರಾಣಿ ರುವೇಜ್, ಚಿಬಿಂದಾ ಇಲುಂಗಾ ಎಂಬ ಲೂಬಾ ಬೇಟೆಗಾರನನ್ನು ಮದುವೆಯಾದಳು. ಒಪ್ಪದ ಅಣ್ಣತಮ್ಮಂದಿರು ಅಂಗೋಲಾದ ಕಡೆ ಹೊರಟುಹೋದರು ಎಂಬುದು ಐತಿಹ್ಯ. ಆ ಬೇಟೆಗಾರನನ್ನು ಚೋಕ್ವೆ ಜನ ಮರದಲ್ಲಿ ಕೆತ್ತಿದ್ದು ಇಂದು ಜಗತ್ಪ್ರಸಿದ್ಧ. ಲುಂಡಾದವರಲ್ಲಿ ಪಟ್ಟಕ್ಕೆ ಬಂದವನು ಹಿಂದಿನವನ ಹೆಸರನ್ನೂ ನಂಟನ್ನೂ ಹೊರುತ್ತಾನೆ, ನಮ್ಮ ಕಡೆ ಗಡಿ ಹಿಡಿದವರಿಗೆ ಪಟ್ಟದ ಹೆಸರು ಬರುವ ಹಾಗೆ. ಇನ್ನೂರು ವರ್ಷದ ಹಿಂದೆ ಅಣ್ಣತಮ್ಮಂದಿರಾಗಿದ್ದ ಇಬ್ಬರು ಒಡೆಯರ ಸ್ಥಾನದಲ್ಲಿ ಇಂದು ಕುಳಿತವರೂ ಅಣ್ಣತಮ್ಮಂದಿರೇ. ಜಾಂಬಿಯಾದ ಬೆಂಬಾ ಅರಸರೂ ತಮ್ಮ ಮೂಲ ಲೂಬಾ ನಾಡಿನ ಕಡೆಯದೆನ್ನುತ್ತಾರೆ. ಯುರೋಪಿಯನ್ನರು ಎಳೆದ ಗಡಿ ಲುಂಡಾ ಜನರನ್ನು ಕಾಂಗೋ, ಅಂಗೋಲಾ, ಜಾಂಬಿಯಾ ಎಂದು ಮೂರು ಪಾಲು ಮಾಡಿತು. ಗಡಿ ಎಂದರೇನೆಂದು ನಮ್ಮ ಶಾಲೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲೂಬಾ ರಾಜ್ಯ ಹದಿನೆಂಟನೆಯ ಶತಮಾನದ ಕೊನೆಯಿಂದ ಇಲುಂಗಾ ಕಬಾಲೆಯ ಕಾಲದವರೆಗೆ, ಅಂದರೆ ಸುಮಾರು 1870ರವರೆಗೆ, ಮೇಲೇರಿತ್ತು. ಆತ ಸತ್ತ ಮೇಲೆ ಮಕ್ಕಳ ಜಗಳ. ಹೊರಗಿನಿಂದ ಬಂದೂಕು ಹಿಡಿದವರು ದಂತಕ್ಕೂ ಗುಲಾಮರಿಗೂ ನುಗ್ಗಿದರು. 1885ರಲ್ಲಿ ಇಡೀ ಕಾಂಗೋ ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೋಪೋಲ್ಡನ ಸ್ವಂತ ಆಸ್ತಿಯಂತಾಯಿತು. ರಬ್ಬರಿಗಾಗಿ ನಡೆದ ಹಿಂಸೆಗೆ ಲೋಕವೇ ಹೇಸಿದ ಮೇಲೆ 1908ರಲ್ಲಿ ಅದು ಬೆಲ್ಜಿಯಂ ಸರಕಾರದ ಕೈಗೆ ಹೋಯಿತು. ಲೂಬಾ ಅರಸ ಕಸೊಂಗೊ ನಿಯೆಂಬೊ ಮಾತ್ರ 1917ರಲ್ಲಿ ಸೆರೆಸಿಕ್ಕುವವರೆಗೂ ಬಗ್ಗಲಿಲ್ಲ. ಹಿರೋಷಿಮಾದ ಬಾಂಬಿನ ಯುರೇನಿಯಮ್ಮಿನಲ್ಲಿ ಬಹುಪಾಲು ಕಟಾಂಗಾದ ಶಿಂಕೊಲೊಬ್ವೆ ಗಣಿಯದು. ನಮ್ಮ ಮನೆಯವರ ಮೊಬೈಲಿನ ಬ್ಯಾಟರಿಯ ಕೋಬಾಲ್ಟ್ ಕೂಡ ಆ ಮಣ್ಣಿನದೇ ಇರಬಹುದು. 1992-93ರಲ್ಲಿ ಕಸಾಯಿಯ ಲೂಬಾಗಳನ್ನು ಅಲ್ಲಿಂದ ಮತ್ತೊಮ್ಮೆ, ಲಕ್ಷಗಟ್ಟಲೆ, ಓಡಿಸಿದರು. ಇದನ್ನು ಅಜ್ಜನಿಗೆ ಹೇಳಬೇಕೋ ಬೇಡವೋ ಎಂದು ಚರ್ಚಿಸಿ, ಕೊನೆಗೆ ಹೇಳಿದೆವು. “ರೈಲು ಹತ್ತಿಸಿ ಊರಿಗೆ ಕಳುಹಿಸಿದ್ದೆವು. ಮತ್ತೆ ಬಂದರಾ?” ಎಂದರು. ದುಡಿಮೆ ಇದ್ದಲ್ಲಿಗೆ ಜನ ಬರದೆ ಇರುತ್ತಾರೆಯೇ?

ಲೂಬಾ ಶಿಲ್ಪಗಳು ಇಂದು ಹೆಚ್ಚಾಗಿ ಯುರೋಪು, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿವೆ. ಉದ್ದನೆಯ, ಸುಕ್ಕು ಬಿದ್ದ, ದುಃಖದ ಮುಖಗಳನ್ನು ಕೆತ್ತಿದ ಒಬ್ಬ ಶಿಲ್ಪಿಯ ಕೃತಿಗಳಿವೆ. ಒಂದೇ ಕೈಯ ಕೆಲಸವೆಂದು ಗುರುತಿಸಿದ ಪಂಡಿತರು ಹೆಸರು ತಿಳಿಯದೆ, ಕೃತಿ ಸಿಕ್ಕ ಊರಿನಿಂದ, ‘ಬೂಲಿಯ ಶಿಲ್ಪಿ’ ಎಂದು ಕರೆದರು. ಬಹಳ ಕಾಲದ ಮೇಲೆ ಅವನ ಹೆಸರು ನ್ಗೊಂಗೊ ಯಾ ಚಿಂಟು ಎಂಬ ನೆನಪು ಅಲ್ಲಿಯ ಜನರ ಬಾಯಲ್ಲೇ ಸಿಕ್ಕಿತು. ಕೇಳುವವರು ಬೇಕಿತ್ತು, ಅಷ್ಟೆ.

ಈ ವರ್ಷ ನಾವೂ ಒಂದು ಲುಕಾಸಾ ಮಾಡಿದೆವು. ಹಲಸಿನ ಹಲಗೆಯನ್ನು ಆಚಾರಿಗಳು ನಡು ಸಣ್ಣ ಮಾಡಿ ಕೊಟ್ಟರು. ಗುಲಗಂಜಿ, ಮಂಜೊಟ್ಟಿ, ಕವಡೆ, ಒಡೆದ ಬಳೆಯ ಚೂರು ಅಂಟಿಸಿ ನಮ್ಮ ಶಾಲೆಯ ಕಥೆಯನ್ನು ಅದರಲ್ಲಿಟ್ಟೆವು. ಮುಳಿಹುಲ್ಲಿನ ಮಾಡಿನ ಕಾಲ, ಬಾವಿ ತೋಡಿದ ಬೇಸಿಗೆ, ಕನ್ನಡ ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿದ ವರ್ಷಗಳು, ಹೀಗೆ. ಒಂದು ತಿಂಗಳ ಮೇಲೆ ನೋಡಿದರೆ ಒಂದೇ ಗುಲಗಂಜಿಯನ್ನು ಒಬ್ಬ ‘ಹಳೆಯ ಹೆಡ್ಮಾಸ್ತರರು’ ಎಂದು ಓದಿದ, ಇನ್ನೊಬ್ಬಳು ‘ಅಂಗಳದ ನೇರಳೆ ಮರ’ ಎಂದು ಓದಿದಳು. ದೊಡ್ಡ ಜಗಳವಾಯಿತು. ಟೀಚರು ನಗುತ್ತ, “ಈಗ ಸರಿಯಾದ ಲುಕಾಸಾ ಆಯಿತು” ಎಂದರು.

ಹಲಗೆಯನ್ನು ಅಜ್ಜನ ಮನೆಗೆ ಒಯ್ದೆವು. ಅವರ ನೀರಿನ ಲಾರಿಗೆ ನೀಲಿ ಬಳೆಯ ಚೂರು ಅಂಟಿಸಿದ್ದೆವು. ಎಡಗೈಯಲ್ಲಿ ಹಿಡಿದು, ಬಲಗೈಯ ತೋರುಬೆರಳಿನಿಂದ ಅದನ್ನು ಸವರಿ ಶಿಬಿರದ ಕಥೆ ಹೇಳಿದರು. ಈ ಸಲ ಮುದುಕಿ ‘ಮೋಯೋ’ ಎಂದದ್ದು ಬೆಳಿಗ್ಗೆಯಲ್ಲ, ಸಂಜೆ. ನಾವು ತಿದ್ದಲಿಲ್ಲ.

ಹಲಗೆಯ ಅಂಚಿನಲ್ಲಿ ಒಂದು ಕಡೆ ಇನ್ನೂ ಖಾಲಿ ಇತ್ತು. ಕಳೆದ ವರ್ಷದ ಛದ್ಮವೇಷಕ್ಕೂ ಒಂದು ಬೀಜ ಬೇಕು ಎಂದು ಒಬ್ಬ, ಅದು ಬೇಡ, ಯಾರೂ ನೆನಪಿಡದಿದ್ದರೆ ಒಳ್ಳೆಯದು ಎಂದು ಒಬ್ಬ. ಮೂರಕ್ಕೆ ಒಂದು ಮತದಿಂದ ತೀರ್ಮಾನವಾಗಿ ಕಪ್ಪು ಅಂಟುವಾಳದ ಬೀಜ ಅಂಟಿಸಿದೆವು. ಹಲಗೆ ಈಗ ವಾಚನಾಲಯದ ಕಪಾಟಿನಲ್ಲಿದೆ. ಬೀಗದ ಕೈ ಚರಿತ್ರೆಯ ಟೀಚರ ಹತ್ತಿರ ಉಂಟು.